ಬ್ರಹ್ಮಗಿರಿ ಗೋರಿಗಳಲ್ಲಿ ಬಂಗಾರ ಇದೆಯಾ? ನಿಜಕ್ಕೂ ಒಳಗೇನಿದೆ ಗೊತ್ತಾ?

ಮೊಳಕಾಲ್ಮುರು: "ಸಾರ್, ಇದರೊಳಗೆ ಬಂಗಾರದ ಕೊಪ್ಪರಿಗೆ ಇರುತ್ತಾ?"

ತಾಲ್ಲೂಕಿನ ಸಿದ್ದಾಪುರ ಬಳಿಯ ಬ್ರಹ್ಮಗಿರಿಗೆ ಬಂದಿದ್ದ ಪ್ರೌಢಶಾಲೆ ಮಕ್ಕಳು ಮೊದಲು ಕೇಳಿದ್ದೇ ಇದನ್ನ. "ಇದ್ದಿದ್ರೆ 1947ರಲ್ಲೇ ಸಿಕ್ಕಿರೋದು ಕಣ್ರೋ" ಅಂದ್ರು ಮೇಷ್ಟ್ರು. ಮಕ್ಕಳು ನಕ್ಕರು. ಆದರೆ ಇದೇ ನಿಧಿ ಆಸೆಗೆ ರಾಜ್ಯದ ಎಷ್ಟೋ ಕಡೆ ಇಂಥ ಗೋರಿಗಳು ಹಾಳಾಗಿವೆ.

ಬ್ರಹ್ಮಗಿರಿ ಅಂದ್ರೆ ಅಶೋಕನ ಶಾಸನ ಅಂತಷ್ಟೇ ಹೆಚ್ಚಿನವರಿಗೆ ಗೊತ್ತು. ಬಿ.ಎಲ್. ರೈಸ್ 1892ರಲ್ಲಿ ಅದನ್ನು ಪತ್ತೆ ಹಚ್ಚಿದರು. ಅದೇ ಬೆಟ್ಟದ ಸುತ್ತ, ನೆಲದಡಿ, ಅಶೋಕನಿಗಿಂತ ಹಳೆಯ ಸಂಪ್ರದಾಯದ ಕಲ್ಲುಗೋರಿಗಳಿವೆ. ದಕ್ಷಿಣ ಭಾರತದಲ್ಲಿ ಇವು ಕಬ್ಬಿಣ ಬಳಕೆಗೆ ಬಂದ ಕಾಲದವು. ಕೆಲವೆಡೆ ಜನ ಇವನ್ನು 'ಮೋರ್ಯರ ಮನೆ' ಅಂತಾರೆ.

ಕಟ್ಟಿದ್ದು ಹೇಗೆ?

ಮೊದಲು ಗುಂಡಿ ತೋಡಿ, ತಳಕ್ಕೆ ಚಪ್ಪಡಿ ಹಾಸುತ್ತಿದ್ದರು. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಒಂದರ ತುದಿ ಇನ್ನೊಂದರಾಚೆ ಚಾಚುವಂತೆ ಜೋಡಿಸುತ್ತಿದ್ದರು. ಹೊರಗಿನ ಮಣ್ಣು ಎಷ್ಟು ಒತ್ತಿದರೂ ಕಲ್ಲು ಒಳಗೆ ಬೀಳಲ್ಲ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಪೂರ್ವದ ಚಪ್ಪಡಿಗೆ ದುಂಡನೆ ಕಂಡಿ. ಮೇಲೊಂದು ಮುಚ್ಚುಗಲ್ಲು, ಸುತ್ತ ಗುಂಡುಕಲ್ಲುಗಳ ವೃತ್ತ. ಹೊರಗೆ ಕಾಣೋದು ಈ ವೃತ್ತ ಮಾತ್ರ.

ಒಳಗೆ ಸಿಕ್ಕಿದ್ದೇನು?

ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ 1947ರಲ್ಲಿ ಇಲ್ಲಿ ಅಗೆಸಿದರು. ಸಿಕ್ಕಿದ್ದು ಮೂಳೆ, ಮಡಕೆ, ಮಣಿ, ಕಬ್ಬಿಣದ ಸಾಮಾನು. ಒಂದೇ ಗೋರಿಯಲ್ಲಿ ಹಲವರ ಮೂಳೆ ಇದ್ದದ್ದೂ ಉಂಟು. ಹೆಣವನ್ನು ಬೇರೆಡೆ ಇಟ್ಟು, ಆಮೇಲೆ ಮೂಳೆ ಆಯ್ದು ತಂದು ಇಡುತ್ತಿದ್ದರು ಅನ್ನೋದು ವೀಲರ್ ಅಂದಾಜು. ಮಡಕೆಗಳು ಒಳಗೆ ಕಪ್ಪು, ಹೊರಗೆ ಕೆಂಪು. ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿಯಾಡದೆ ಹೀಗಾಗುತ್ತೆ ಅಂತಾರೆ ತಜ್ಞರು.

ಅಗೆದರೆ ನಷ್ಟ ಯಾರಿಗೆ?

ಮಡಕೆ ಮೂಳೆಯ ಪಕ್ಕ ಇತ್ತಾ, ಕಂಡಿಯ ಹತ್ತಿರ ಇತ್ತಾ, ಯಾವ ಪದರದಲ್ಲಿತ್ತು ಅನ್ನೋದರಿಂದಲೇ ಆ ಜನರ ಬದುಕು ತಿಳಿಯೋದು. ನಿಧಿಗಳ್ಳ ಒಂದು ರಾತ್ರಿ ಗುದ್ದಲಿ ಹಾಕಿದರೆ ಅವನಿಗೆ ಸಿಗೋದು ಬೋಕಿ. ನಮಗೆ ಅದೂ ಇಲ್ಲ. ಒಮ್ಮೆ ಕಲಕಿದ ಮಣ್ಣನ್ನು ಮತ್ತೆ ಮೊದಲಿನಂತೆ ಮಾಡಕ್ಕಾಗಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಹೊಲ ಉಳುವಾಗ ಚಪ್ಪಡಿ ತಗುಲಿದರೆ ಕಿತ್ತು ಬದುವಿಗೆ ಹಾಕಬೇಡಿ. ಹಾಗೇ ಬಿಟ್ಟು ಗ್ರಾಮ ಪಂಚಾಯಿತಿಗೋ ತಹಶೀಲ್ದಾರ್ ಕಚೇರಿಗೋ ತಿಳಿಸಿ. ದಾರಿ ಕೇಳುವ ಪ್ರವಾಸಿಗರಿಗೆ ಅಂಗಡಿಯವರು ಶಾಸನದ ಜೊತೆ ಈ ಗೋರಿಗಳ ವಿಷಯವನ್ನೂ ಹೇಳಿದರೆ ಇನ್ನೂ ಒಳ್ಳೇದು.

ಹೊರಡುವ ಹೊತ್ತಿಗೆ ಒಬ್ಬ ಹುಡುಗ ಜೇಬಿನಿಂದ ಒಂದು ಬೋಕಿ ತೆಗೆದ. ಯಾರೂ ಹೇಳದಿದ್ದರೂ ಎತ್ತಿಕೊಂಡ ಜಾಗದಲ್ಲೇ ವಾಪಸ್ ಇಟ್ಟು ಬಸ್ ಹತ್ತಿದ.