ಚುಕ್ಕಾಣಿಯ ಜ್ಯಾಮಿತಿ

ಸಣ್ಣ ದೋಣಿಯಲ್ಲಿ ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿಯ ಮೂತಿ ಎಡಕ್ಕೆ ಹೊರಳುತ್ತದೆ. ದೊಡ್ಡ ಹಡಗಿನ ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಹಡಗೂ ಬಲಕ್ಕೇ ತಿರುಗುತ್ತದೆ. ಜೋಡಣೆ ಬೇರೆ, ಅದರಲ್ಲೇನು ವಿಶೇಷ ಎಂದು ವಾಚಕರು ಕೇಳಬಹುದು. ಆದರೆ ಈ ಅಲ್ಪ ಭೇದದೊಳಗೆ ಗಣಿತದ ಹಿರಿಯ ತತ್ತ್ವವೊಂದು ಅಡಗಿದೆ.

ಯಂತ್ರಗಳಿಗೆ ಲಗಾಮು ಹಾಕುವ ವಿದ್ಯೆಯೇ ನಿಯಂತ್ರಣಶಾಸ್ತ್ರ. ಉಗಿಯಂತ್ರದ ವೇಗವನ್ನು ಹತೋಟಿಯಲ್ಲಿಡುವಂಥ ಸಾಧನಗಳ ಗಣಿತವನ್ನು ಮ್ಯಾಕ್ಸ್‌ವೆಲ್ಲನು 1868ರಲ್ಲಿಯೇ ವಿವೇಚಿಸಿದನು. ಇಂಥ ವ್ಯವಸ್ಥೆಗಳಲ್ಲಿ ಸರಳವಾದುವು ರೇಖೀಯ ವ್ಯವಸ್ಥೆಗಳು. ಇವುಗಳಲ್ಲಿ ಪ್ರೇರಣೆ ಇಮ್ಮಡಿಯಾದರೆ ಫಲವೂ ಇಮ್ಮಡಿ. ಹೀಗಿರುವಲ್ಲಿ, ಬಾಗಿದ ಮೇಲ್ಮೈಗಳನ್ನು ಕುರಿತು ಗೌಸನು 1827ರಲ್ಲಿ ಬೆಳೆಸಿದ ಅವಕಲ ಜ್ಯಾಮಿತಿಗೆ ಇಲ್ಲೇನು ಕೆಲಸ? ಒಂದೊಂದು ವ್ಯವಸ್ಥೆಯೂ ಸರಳವೇ ಸರಿ. ಅವೆಲ್ಲ ಸೇರಿದ ಪ್ರಪಂಚ ಮಾತ್ರ ಸರಳವಲ್ಲ.

ಹಡಗಿನ ತಿರುಗುವಿಕೆಯನ್ನು ಸ್ಥೂಲವಾಗಿ ಎರಡು ಸಂಖ್ಯೆಗಳಲ್ಲಿ ಹೇಳಬಹುದು. ಚುಕ್ಕಾಣಿಯನ್ನು ನೇರಕ್ಕೆ ತಂದ ಮೇಲೆ ತಿರುಗುವಿಕೆ ಎಷ್ಟು ಬೇಗ ಅಡಗುತ್ತದೆ ಎಂಬುದು ಮೊದಲನೆಯದು. ಹಿಡಿಯ ಅಪ್ಪಣೆಗೆ ಹಡಗು ಯಾವ ಕಡೆಗೆ, ಎಷ್ಟು ಬಲವಾಗಿ ಓಗೊಡುತ್ತದೆ ಎಂಬುದು ಎರಡನೆಯದು. ಕಾಗದದ ಮೇಲೆ ಮೊದಲನೆಯದನ್ನು ಅಡ್ಡಲಾಗಿ, ಎರಡನೆಯದನ್ನು ಉದ್ದಕ್ಕೆ ಗುರುತಿಸಿ. ಒಂದೊಂದು ಹಡಗೂ ಒಂದೊಂದು ಬಿಂದು. ಹಿಡಿ ತಿರುಗಿದ ಕಡೆಗೇ ತಿರುಗುವ ಹಡಗುಗಳು ಮೇಲ್ಭಾಗದಲ್ಲಿ, ವಿರುದ್ಧ ದಿಕ್ಕಿಗೆ ತಿರುಗುವಂಥವು ಕೆಳಭಾಗದಲ್ಲಿ. ನಡುವಣ ಗೆರೆಯ ಮೇಲೆ ಎರಡನೆಯ ಸಂಖ್ಯೆ ಸೊನ್ನೆ. ಅವು ಚುಕ್ಕಾಣಿ ಮುರಿದ ಹಡಗುಗಳು! ಹತೋಟಿಗೆ ಸಿಗದ ಅವುಗಳನ್ನು ಅಳಿಸಿಬಿಟ್ಟರೆ ಕಾಗದ ಎರಡು ಹೋಳಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಸೇತುವೆಯಿಲ್ಲ.

ವ್ಯವಸ್ಥೆಯೊಂದು ನಮ್ಮ ಹತೋಟಿಗೆ ಸಿಗುವುದೇ ಎಂಬುದಕ್ಕೆ ಹಂಗೇರಿಯಲ್ಲಿ ಹುಟ್ಟಿದ ರುಡಾಲ್ಫ್ ಕಾಲ್ಮನ್ 1960ರ ಸುಮಾರಿಗೆ ಖಚಿತವಾದ ಪರೀಕ್ಷೆಯನ್ನು ಒದಗಿಸಿದರು. 1976ರಲ್ಲಿ ಅಮೆರಿಕದ ರೋಜರ್ ಬ್ರಾಕೆಟ್ ಇಂಥ ಹೋಳುಗಳನ್ನು ಎಣಿಸಿದರು. ಒಂದು ಹಿಡಿ, ಅಳೆಯಲು ಒಂದು ಫಲ ಉಳ್ಳ ವ್ಯವಸ್ಥೆಯ ಒಳಸ್ಥಿತಿಯನ್ನು ಹೇಳಲು ಒಂದು ಸಂಖ್ಯೆ ಸಾಕಾದರೆ ಎರಡು ಹೋಳು. ಎರಡು ಬೇಕಾದರೆ ಮೂರು. ಮೂರು ಬೇಕಾದರೆ ನಾಲ್ಕು. ಎರಡರ ನಕ್ಷೆಗೇ ನಾಲ್ಕು ಆಯಾಮಗಳು ಬೇಕು. ಅಲ್ಲಿ ಗಡಿಗಳೂ ಬಾಗುತ್ತವೆ. ಅವಕಲ ಜ್ಯಾಮಿತಿಯ ನೆರವು ಬೇಕಾಗುವುದು ಇಲ್ಲಿಯೇ.

ಇದು ಬರಿಯ ಬುದ್ಧಿವಿಲಾಸವಲ್ಲ. ತನ್ನನ್ನು ತಾನೇ ತಿದ್ದಿಕೊಳ್ಳುವ ನಿಯಂತ್ರಕವು ಮೊದಲು ಹಡಗಿನ ಗುಣವನ್ನು ಊಹಿಸಿ, ಆ ಊಹೆಯನ್ನು ಮೆಲ್ಲಮೆಲ್ಲನೆ ಸರಿಪಡಿಸುತ್ತದೆ. ಊಹೆಯೇ ತಪ್ಪು ಹೋಳಿನಲ್ಲಿದ್ದರೆ? ಸೊನ್ನೆಯ ಗೆರೆಯನ್ನು ದಾಟುವಾಗ ಲೆಕ್ಕದಲ್ಲಿ ಸೊನ್ನೆಯಿಂದ ಭಾಗಿಸುವ ಪ್ರಸಂಗ ಬಂದು ನಿಯಂತ್ರಕ ದಿಕ್ಕುಗೆಡುತ್ತದೆ. ಆದುದರಿಂದಲೇ ದಿಕ್ಕು ಮೊದಲೇ ತಿಳಿದಿರಬೇಕೆಂದು ಎಂಜಿನಿಯರುಗಳು ಬಹುಕಾಲ ನಂಬಿದ್ದರು. 1983ರಲ್ಲಿ ಗಣಿತಜ್ಞ ರೋಜರ್ ನಸ್‌ಬಾಮ್ ಬೇರೊಂದು ಉಪಾಯವನ್ನು ತೋರಿಸಿದರು. ದಿಕ್ಕನ್ನು ಊಹಿಸಲೇ ಬೇಡಿ. ಸರದಿಯಂತೆ ಅತ್ತ ಒಮ್ಮೆ, ಇತ್ತ ಒಮ್ಮೆ, ಬಲವನ್ನು ಹೆಚ್ಚಿಸುತ್ತ ಒತ್ತಿನೋಡಿ, ಹಿಡಿತ ಸಿಕ್ಕಲ್ಲಿ ನಿಲ್ಲಿ!

ಕತ್ತಲೆಯಲ್ಲಿ ಅಪರಿಚಿತ ದೋಣಿಯನ್ನು ಹತ್ತಿದ ಅಂಬಿಗನೂ ಮಾಡುವುದು ಇದನ್ನೇ ಅಲ್ಲವೆ?