ಕಾಣುವುದೂ ಕಾಯುವುದೂ

ದೀಪಾವಳಿ ಕಳೆದು ಕೊಯಿಲು ಮೊದಲಾದ ಮೇಲೆ ದಕ್ಷಿಣ ಕನ್ನಡದ ಅಡಕೆ ಬೆಳೆಗಾರನಿಗೆ ಮನೆಯ ಅಂಗಳವೇ ಭಂಡಾರವಾಗುತ್ತದೆ. ಚಾಲಿಯಾಗಲೆಂದು ಹರವಿದ ಹಣ್ಣಡಕೆಯು ಸುಮಾರು ನಲವತ್ತು ದಿವಸಗಳ ಬಿಸಿಲನ್ನು ಉಣ್ಣಬೇಕಾದುದರಿಂದ, ವರ್ಷದ ದುಡಿಮೆಯೆಲ್ಲವೂ ಬಾಗಿಲಿಲ್ಲದ, ಬೀಗವಿಲ್ಲದ ಆ ಬಯಲಿನಲ್ಲಿ ಹಗಲಿರುಳೂ ಬಿದ್ದಿರುತ್ತದೆ. ಹಿಂದಿನವರು ಜಗಲಿಯಲ್ಲಿ ಚಾಪೆ ಹಾಸಿ, ತಲೆದೆಸೆಯಲ್ಲಿ ದೊಣ್ಣೆಯನ್ನಿರಿಸಿ, ಮೆಟ್ಟಿಲ ಬಳಿ ನಾಯಿಯನ್ನು ಮಲಗಿಸಿಕೊಂಡು ಅದನ್ನು ಕಾಯುತ್ತಿದ್ದರು. ಇಂದು ಅನೇಕ ಮನೆಗಳಲ್ಲಿ ಆ ಚಾಪೆಯ ಸ್ಥಾನವನ್ನು ಸೂರಿನಡಿಯ ಸಿಸಿ ಕ್ಯಾಮೆರಾ ವಹಿಸಿಕೊಂಡಿದೆ. ಅಂಗಳದಲ್ಲಿ ಏನಾದರೂ ಚಲಿಸಿದೊಡನೆ ಮನೆಯಾತನ ಮೊಬೈಲಿಗೆ ಸೂಚನೆ ಕಳುಹಿಸುವ ಏರ್ಪಾಡೂ ಅದರೊಡನೆ ಬಂದಿದೆ. ಆದರೆ ಅದನ್ನು ಅಂಗಡಿಯಿಂದ ತಂದಂತೆಯೇ ಗೋಡೆಗೆ ತಗುಲಿಸಿದವನಿಗೆ ಮೊದಲ ರಾತ್ರಿಯೇ ಅದರ ಸ್ವಭಾವವು ಮನವರಿಕೆಯಾಗುತ್ತದೆ: ತೆಂಗಿನ ಗರಿ ತೂಗಿದರೂ ಅಲಾರಂ, ಬೆಕ್ಕು ದಾಟಿದರೂ ಅಲಾರಂ, ಮೋಡದ ಮರೆಯಿಂದ ಚಂದ್ರನು ಹೊರಬಂದರೂ ಅಲಾರಂ. ನಾಲ್ಕನೆಯ ರಾತ್ರಿ ಅವನು ಮೊಬೈಲಿನ ಸದ್ದನ್ನು ಅಡಗಿಸಿ ಮಲಗುತ್ತಾನೆ. ಕಾವಲು ಅಲ್ಲಿಗೆ ಮುಗಿಯಿತು.

ಯಂತ್ರವು ತನ್ನ ಕೆಲಸವನ್ನು ನಿಷ್ಠೆಯಿಂದಲೇ ಮಾಡಿತು. ಯಾವುದನ್ನು ಘಟನೆಯೆಂದು ಎಣಿಸಬೇಕೆಂಬುದನ್ನು ಮಾತ್ರ ಅದಕ್ಕೆ ಯಾರೂ ತಿಳಿಸಿರಲಿಲ್ಲ. ಕಾಣುವುದು ಬೇರೆ, ಕಾಯುವುದು ಬೇರೆ. ಕಾಣುವುದಕ್ಕೆ ಕಣ್ಣು ಸಾಕು; ಕಾಯುವುದಕ್ಕೆ, ಕಂಡುದರಲ್ಲಿ ಯಾವುದು ಲೆಕ್ಕಕ್ಕೆ ಬರತಕ್ಕದ್ದು, ಯಾವುದು ಬಾರದ್ದು ಎಂಬ ವಿವೇಚನೆ ಬೇಕು. ಆ ವಿವೇಚನೆಯನ್ನು ಅಂಕೆಸಂಖ್ಯೆಗಳ ರೂಪದಲ್ಲಿ ಯಂತ್ರಕ್ಕೆ ಉಪದೇಶಿಸುವ ಕ್ರಮವೊಂದುಂಟು. ಅದು ಪರಿಣತರಿಗೆ ಮಾತ್ರ ಮೀಸಲಾದ ವಿದ್ಯೆಯೆಂಬ ಅಂಜಿಕೆಯಿಂದ ನಮ್ಮ ಜನ ಅದರತ್ತ ತಿರುಗಿಯೂ ನೋಡುವುದಿಲ್ಲ. ವಾಸ್ತವವಾಗಿ, ತನ್ನ ಅಂಗಳವನ್ನು ಚೆನ್ನಾಗಿ ಬಲ್ಲವನೇ ಅದಕ್ಕೆ ಮೊದಲ ಅಧಿಕಾರಿ.

ಮನುಷ್ಯನೇ ಪರದೆಯ ಮುಂದೆ ಕುಳಿತು ನೋಡಬಾರದೇಕೆ ಎಂದು ಕೇಳಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜಲಾಂತರ್ಗಾಮಿಗಳನ್ನು ರಾಡಾರ್ ಪರದೆಯ ಮೇಲೆ ಹುಡುಕುತ್ತಿದ್ದ ಬ್ರಿಟಿಷ್ ವಿಮಾನಪಡೆಯವರು ಹೊತ್ತು ಕಳೆದಂತೆ ಗುರುತುಗಳನ್ನು ಕಾಣದೆ ಹೋಗುತ್ತಿದ್ದುದು ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞನ ಪರಿಶೀಲನೆಗೆ ವಿಷಯವಾಯಿತು. ಆತನು ಅಂಕಿಗಳಿಲ್ಲದ ಗಡಿಯಾರವೊಂದನ್ನು ರಚಿಸಿ, ಒಂದೇ ಸಮನೆ ಹೆಜ್ಜೆಯಿಡುವ ಅದರ ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರುವಂತೆ ಮಾಡಿ, ಆ ಹಾರಿಕೆಯನ್ನು ಕಂಡಾಗಲೆಲ್ಲ ತಿಳಿಸಬೇಕೆಂದು ಜನರನ್ನು ಎರಡು ಗಂಟೆ ಕಾಲ ಅದರ ಮುಂದೆ ಕುಳ್ಳಿರಿಸಿದನು. 1948ರಲ್ಲಿ ಪ್ರಕಟವಾದ ಆ ಪ್ರಯೋಗದ ಫಲಿತಾಂಶವು ಸ್ಪಷ್ಟವಾಗಿದ್ದಿತು: ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿಯೇ ಎಚ್ಚರವು ಗಣನೀಯವಾಗಿ ಕುಗ್ಗುತ್ತದೆ. ಏನೂ ನಡೆಯದ ದೃಶ್ಯವನ್ನು ಬಹುಕಾಲ ನೋಡುವ ಶಕ್ತಿ ನಮ್ಮ ಮನಸ್ಸಿಗಿಲ್ಲ. ಆದುದರಿಂದ ನೋಡುವ ಬೇಸರವನ್ನು ಯಂತ್ರಕ್ಕೆ ಒಪ್ಪಿಸಿ, ತೀರ್ಮಾನದ ಹೊಣೆಯನ್ನು ನಾವು ಇಟ್ಟುಕೊಳ್ಳುವುದು ನ್ಯಾಯವಾದ ಹಂಚಿಕೆ.

ಈಗ ಯಂತ್ರವು ಕಾಣುವ ಬಗೆಯನ್ನು ನೋಡೋಣ. ಅದರ ಪಾಲಿಗೆ ಅಂಗಳವೂ ಇಲ್ಲ, ಅಡಕೆಯೂ ಇಲ್ಲ. ಇರುವುದು ಪಿಕ್ಸೆಲ್ ಎಂಬ ಬಿಂದುಗಳ ಚೌಕಟ್ಟು ಮಾತ್ರ. ಅಡ್ಡಕ್ಕೆ 640, ಉದ್ದಕ್ಕೆ 480 ಬಿಂದುಗಳಿರುವ ಸಾಧಾರಣ ಚಿತ್ರವೊಂದರಲ್ಲಿ 3,07,200 ಬಿಂದುಗಳಿರುತ್ತವೆ. ಕಪ್ಪುಬಿಳುಪಿನ ಲೆಕ್ಕದಲ್ಲಿ ಪ್ರತಿಯೊಂದು ಬಿಂದುವೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಈ ಕ್ಷಣದ ಚಿತ್ರವನ್ನು ತಾನು ನೆನಪಿನಲ್ಲಿಟ್ಟುಕೊಂಡ ಅಂಗಳದ ಚಿತ್ರದೊಡನೆ ಬಿಂದುವಿಗೆ ಬಿಂದು ತಾಳೆ ನೋಡಿ, ವ್ಯತ್ಯಾಸವಿರುವ ಬಿಂದುಗಳನ್ನು ಅದು ಎಣಿಸುತ್ತದೆ. ಕಳ್ಳನಾಗಲಿ, ತರಗೆಲೆಯಾಗಲಿ, ಅದಕ್ಕೆ ಇಷ್ಟು ಬಿಂದುಗಳ ಬದಲಾವಣೆಯೇ ಹೊರತು ಬೇರೆ ಅರ್ಥವಿಲ್ಲ. ಅರ್ಥವನ್ನು ತುಂಬಬೇಕಾದವರು ನಾವು.

ತುಂಬುವ ಬಗೆಗೆ ಝೋನ್‌ಮೈಂಡರ್ ಎಂಬ ಉಚಿತ ತಂತ್ರಾಂಶವು ಒಳ್ಳೆಯ ನಿದರ್ಶನ. ಫಿಲಿಪ್ ಕೂಂಬ್ಸ್ ಎಂಬ ಬ್ರಿಟಿಷ್ ತಂತ್ರಜ್ಞನು ತನ್ನ ಗ್ಯಾರೇಜಿನಿಂದ ಉಪಕರಣಗಳು ಕಳವಾದ ಮೇಲೆ, ಈ ಶತಮಾನದ ಆರಂಭದಲ್ಲಿ, ತನ್ನ ಮನೆಯ ಕಾವಲಿಗೆಂದು ಇದನ್ನು ಬರೆಯತೊಡಗಿದನು. ಯಾರು ಬೇಕಾದರೂ ಒಳಗನ್ನು ತೆರೆದು ನೋಡಬಹುದಾದ ಈ ತಂತ್ರಾಂಶವನ್ನು ಇಂದು ಅನೇಕ ದೇಶಗಳ ಜನರು ಬಳಸುತ್ತಾರೆ. ಅದು ಮನೆಯೊಡೆಯನನ್ನು ಕೇಳುವ ಮೊದಲ ಪ್ರಶ್ನೆ, ಒಂದು ಬಿಂದು ಎಷ್ಟು ಬದಲಾದರೆ ಬದಲಾವಣೆಯೆನ್ನಬೇಕು ಎಂಬುದು. ಮಿತಿಯನ್ನು 25 ಎಂದಿರಿಸಿದರೆ, 100 ಇದ್ದ ಬಿಂದು 110 ಆದಾಗ ಯಂತ್ರವು ಸುಮ್ಮನಿರುತ್ತದೆ, 140 ಆದಾಗ ಗಮನಿಸುತ್ತದೆ. ಎರಡನೆಯದು, ಅಂತಹ ಬಿಂದುಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿರಬೇಕೇ ಎಂಬುದು. ಮಳೆಯ ಹನಿಗಳಿಂದಲೂ ರಾತ್ರಿಯ ಚಿತ್ರದ ಚುಕ್ಕೆಗಳಿಂದಲೂ ಆಗುವ ಬದಲಾವಣೆಯು ಚದರಿರುತ್ತದೆ. ಮನುಷ್ಯದೇಹದ ಬದಲಾವಣೆಯು ಒಟ್ಟಾಗಿರುತ್ತದೆ. ಮೂರನೆಯದು, ಆ ಗುಂಪಿನ ಗಾತ್ರಕ್ಕೆ ಕನಿಷ್ಠವೆಷ್ಟು, ಗರಿಷ್ಠವೆಷ್ಟು ಎಂಬುದು. ಕನಿಷ್ಠದಿಂದ ಬೆಕ್ಕನ್ನು ಬಿಡಬಹುದು; ಗರಿಷ್ಠದಿಂದ, ಜಗಲಿಯ ದೀಪ ಹೊತ್ತಿ ಚಿತ್ರವೆಲ್ಲ ಒಮ್ಮೆಗೇ ಬೆಳಗುವುದನ್ನು ಬಿಡಬಹುದು. ಆದರೆ ಕ್ಯಾಮೆರಾದ ಬುಡದಲ್ಲಿ ಹಾಯುವ ಬೆಕ್ಕು, ಅಂಗಳದ ಆಚೆಯ ತುದಿಯಲ್ಲಿ ನಿಂತ ಮನುಷ್ಯನಿಗಿಂತ ದೊಡ್ಡದಾಗಿ ಕಾಣುವುದರಿಂದ, ಹತ್ತಿರಕ್ಕೊಂದು ಅಳತೆ, ದೂರಕ್ಕೊಂದು ಅಳತೆ ಅಗತ್ಯವಾಗುತ್ತದೆ.

ಹೀಗೆ ಚಿತ್ರವನ್ನು ವಲಯಗಳಾಗಿ ವಿಂಗಡಿಸುವ ಪ್ರಶ್ನೆ ಬರುತ್ತದೆ. ಈ ಶಾಸ್ತ್ರದ ಹೃದಯವಿರುವುದು ಇಲ್ಲಿಯೇ. ಅಡಕೆ ಹರವಿದ ಜಾಗವು ಜಾಗೃತ ವಲಯ; ಅಲ್ಲಿನ ಚಲನೆ ನೇರವಾಗಿ ಅಲಾರಂ ಎಬ್ಬಿಸುತ್ತದೆ. ತೋಟದಿಂದ ಬರುವ ದಾರಿಯು ಅನುಬಂಧ ವಲಯ. ಅಲ್ಲಿ ಹಗಲೆಲ್ಲ ಜನ ಓಡಾಡುತ್ತಾರೆ, ಆದುದರಿಂದ ಅಂಗಳದಲ್ಲಿಯೂ ಚಲನೆಯಿದ್ದಾಗ ಮಾತ್ರ ಅಲ್ಲಿನದು ಲೆಕ್ಕಕ್ಕೆ ಬರುತ್ತದೆ. ತೆಂಗಿನ ಮರವು ಅಲಕ್ಷಿತ ವಲಯ. ಅದು ತನ್ನಿಷ್ಟದಂತೆ ತೂಗಲಿ. ಇವೆಲ್ಲಕ್ಕಿಂತ ಸೂಕ್ಷ್ಮವಾದುದು ನಿಷೇಧಕ ವಲಯ. ಸೂರಿಗೆ ತಾಗಿದ ಗೋಡೆಯ ಮೇಲ್ಭಾಗದಂತೆ ಯಾವ ಮನುಷ್ಯನೂ ತಲುಪಲಾರದ ಒಂದು ಎಡೆಯನ್ನು ಆರಿಸಿಕೊಂಡು, ಅಲ್ಲಿ ಬದಲಾವಣೆ ಕಂಡರೆ ಚಿತ್ರದ ಉಳಿದೆಲ್ಲ ಬದಲಾವಣೆಗಳನ್ನೂ ಆ ಕ್ಷಣಕ್ಕೆ ನಂಬಬೇಡವೆಂದು ಯಂತ್ರಕ್ಕೆ ಹೇಳಿಡಬಹುದು. ಅಲ್ಲಿ ಬೆಳಕು ಬಿದ್ದಿತೆಂದರೆ ಅದು ಮಿಂಚೋ, ತಿರುವಿನಲ್ಲಿ ಬಂದ ಜೀಪಿನ ದೀಪವೋ ಆಗಿರಬೇಕಷ್ಟೆ. ಸಾಕ್ಷಿಯನ್ನು ನಂಬುವ ಮುನ್ನ ಸಾಕ್ಷಿಯ ನೆಲೆಯನ್ನು ಪರೀಕ್ಷಿಸುವ ನ್ಯಾಯಾಧಿಪತಿಯ ವಿವೇಕವೇ ಇದು.

ದೇಶದಂತೆಯೇ ಕಾಲವನ್ನೂ ನಿಯಮಿಸಬೇಕು. ಯಂತ್ರದ ನೆನಪಿನ ಚಿತ್ರವು ಸ್ಥಿರವಾಗಿದ್ದರೆ, ಬೆಳಗಿನ ನೆರಳು ಮಧ್ಯಾಹ್ನಕ್ಕೆ ಸರಿದಾಗ ಅದೂ ಅಪರಾಧವಾದೀತು. ಆದುದರಿಂದ ಪ್ರತಿಯೊಂದು ಹೊಸ ಚಿತ್ರದ ಸ್ವಲ್ಪ ಪಾಲನ್ನು, ಹದಿನಾರರಲ್ಲಿ ಒಂದರಷ್ಟನ್ನು ಎಂದುಕೊಳ್ಳೋಣ, ನೆನಪಿನೊಳಗೆ ಬೆರೆಸುತ್ತ ಹೋಗುವ ಕ್ರಮವಿದೆ. ಬೆರಕೆ ಹೆಚ್ಚಾದರೆ, ಮೆಲ್ಲಮೆಲ್ಲನೆ ತೆವಳಿ ಬರುವ ಕಳ್ಳನೂ ಅಂಗಳದ ಒಂದು ಭಾಗವಾಗಿ ಕರಗಿಹೋಗುತ್ತಾನೆ. ಕಡಮೆಯಾದರೆ, ಮೋಡದ ನೆರಳೂ ಕಳ್ಳನಾಗುತ್ತದೆ. 1999ರಲ್ಲಿ ಅಮೆರಿಕದ ಎಂಐಟಿಯ ಸ್ಟಾಫರ್ ಮತ್ತು ಗ್ರಿಮ್ಸನ್ ಎಂಬ ಸಂಶೋಧಕರು ಇದಕ್ಕೆ ಇನ್ನೂ ಸಮರ್ಥವಾದ ಉಪಾಯವನ್ನು ತೋರಿಸಿಕೊಟ್ಟರು: ಒಂದೇ ಬಿಂದುವಿಗೆ ಸಹಜವಾದ ಸ್ಥಿತಿಗಳು ಹಲವು ಇರಬಹುದು, ಗಾಳಿಗೆ ಆಡುವ ಗರಿಯೆಡೆಯ ಬಿಂದುವು ಈಗ ಹಸುರು, ಮರುಕ್ಷಣ ಆಕಾಶ, ಎರಡನ್ನೂ ಸಹಜವೆಂದು ಕಲಿತ ಯಂತ್ರವು ಮೂರನೆಯದು ಬಂದಾಗ ಮಾತ್ರ ಎಚ್ಚರಿಸಬೇಕು. ಇವುಗಳೊಡನೆ, ಅಲಾರಂ ಆಗುವುದಕ್ಕೆ ಹಿಂದಿನ ಕೆಲವು ಕ್ಷಣಗಳ ಚಿತ್ರವನ್ನೂ ಉಳಿಸುವಂತೆ ಹೇಳಿಡುವುದು ಅವಶ್ಯ. ಬಂದವನು ಯಾವ ದಿಕ್ಕಿನಿಂದ ಬಂದನೆಂಬುದು ಅದರಿಂದಲೇ ತಿಳಿಯತಕ್ಕದ್ದು.

ಇಷ್ಟು ಸೂಕ್ಷ್ಮತೆ ಏತಕ್ಕೆಂಬುದನ್ನು ಸರಳ ಗಣಿತ ಹೇಳುತ್ತದೆ. ಸೆಕೆಂಡಿಗೆ 25 ಚಿತ್ರಗಳಂತೆ ದಿನವೊಂದಕ್ಕೆ 21,60,000 ಚಿತ್ರಗಳಾಗುತ್ತವೆ. ಹತ್ತು ಲಕ್ಷಕ್ಕೊಮ್ಮೆ ಮಾತ್ರ ತಪ್ಪುವ ಯಂತ್ರವೂ ದಿನಕ್ಕೆ ಎರಡು ಸಲ ಸುಳ್ಳು ಕೂಗೀತು. ನೂರು ಕ್ಯಾಮೆರಾಗಳ ಊರಿನಲ್ಲಿ ಅದು ಇನ್ನೂರು ಮೀರೀತು. ಕಳ್ಳನಾದರೋ ವರ್ಷಕ್ಕೊಮ್ಮೆ ಬಂದರೂ ಹೆಚ್ಚು. ಸುಳ್ಳು ಕರೆಗಳ ನಡುವೆ ನಿಜವಾದ ಒಂದು ಕರೆ ಹುದುಗಿಹೋಗದಂತೆ ನೋಡಿಕೊಳ್ಳುವುದೇ ಈ ವಿದ್ಯೆಯ ಸಾಧನೆ.

ಈಚಿನ ಯಂತ್ರಗಳು ಬಿಂದುಗಳನ್ನು ಎಣಿಸುವುದರಲ್ಲಿಯೇ ನಿಲ್ಲದೆ, ಕಂಡುದಕ್ಕೆ ಹೆಸರಿಡಲೂ ಕಲಿತಿವೆ. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರೂ ಅವರ ಸಹಯೋಗಿಗಳೂ ಹೊರತಂದ ಕೋಕೋ ಎಂಬ ಚಿತ್ರಸಂಗ್ರಹದಿಂದ ಪಾಠ ಕಲಿತ ಯಂತ್ರಗಳೇ ಇಂದು ಬಹಳವಾಗಿ ಬಳಕೆಯಲ್ಲಿವೆ. ಆ ಸಂಗ್ರಹದಲ್ಲಿ 80 ಬಗೆಯ ವಸ್ತುಗಳಿಗೆ ಹೆಸರುಂಟು: ಮನುಷ್ಯನಿದ್ದಾನೆ, ನಾಯಿಯಿದೆ, ಹಸುವಿದೆ, ಆನೆಯಿದೆ, ಜೀಬ್ರಾ, ಜಿರಾಫೆಗಳೂ ಇವೆ. ಮಂಗವಿಲ್ಲ, ಕಾಡುಹಂದಿಯಿಲ್ಲ. ನಮ್ಮ ತೋಟಗಳಲ್ಲಿ ನಿತ್ಯವೂ ಹಾನಿ ಮಾಡುವ ಪ್ರಾಣಿಗಳಿಗೆ ಆ ಯಂತ್ರದ ನಿಘಂಟಿನಲ್ಲಿ ಶಬ್ದವೇ ಇಲ್ಲದ ಮೇಲೆ, ಅವುಗಳನ್ನು ಅದು ನಾಯಿಯೆಂದೋ ಮನುಷ್ಯನೆಂದೋ ತಪ್ಪಾಗಿ ಕರೆದರೆ ಆಶ್ಚರ್ಯವೇನು? ಇದು ನಿರಾಶೆಪಡತಕ್ಕ ಮಾತಲ್ಲ. ನಮ್ಮ ನೆಲದ ಚಿತ್ರಗಳನ್ನು ನಾವೇ ಕೂಡಿಹಾಕಿ ಅದಕ್ಕೆ ಕಲಿಸಬಹುದು, ಕಲಿಸಲೂ ಬೇಕು.

ಏರ್ಪಾಡು ಮುಗಿದ ಮೇಲೆ ಪರೀಕ್ಷೆಯಾಗತಕ್ಕದ್ದು. ಮನೆಯವರೊಬ್ಬರು ನಡುರಾತ್ರಿಯಲ್ಲಿ ಅಂಗಳವನ್ನು ಹಾಯಲಿ; ಒಮ್ಮೆ ನೆಟ್ಟಗೆ ನಡೆದು, ಒಮ್ಮೆ ಗೋಡೆಯ ಮಗ್ಗುಲಿನಲ್ಲಿ ಬಗ್ಗಿ, ಒಮ್ಮೆ ಕೊಡೆ ಹಿಡಿದು. ಯಂತ್ರವು ತಪ್ಪಿದೆಡೆಯನ್ನು ಗುರುತುಮಾಡಿಕೊಂಡು ಒಂದು ಸಲಕ್ಕೆ ಒಂದೇ ಅಳತೆಯನ್ನು ತಿದ್ದಬೇಕು. ನಾಲ್ಕನ್ನು ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ. ಇರುಳು ಕ್ಯಾಮೆರಾಕ್ಕೆ ಮುತ್ತುವ ಹುಳುಗಳೂ ಅವುಗಳನ್ನರಸಿ ಬಲೆ ಕಟ್ಟುವ ಜೇಡವೂ ಯಾವ ಗಣಿತಕ್ಕೂ ಬಗ್ಗುವವಲ್ಲ. ವಾರಕ್ಕೊಮ್ಮೆ ಕಸಬರಿಕೆಯ ತುದಿಯಿಂದ ಗಾಜಿನ ಸುತ್ತ ಗುಡಿಸುವುದೇ ಅದಕ್ಕೆ ಪರಿಹಾರ.

ಕಡೆಯದಾಗಿ, ನಾನು ಎಲ್ಲಕ್ಕಿಂತ ಮುಖ್ಯವೆಂದೆಣಿಸುವ ವಲಯವೊಂದು ಉಳಿದಿದೆ. ಝೋನ್‌ಮೈಂಡರ್‌ನಲ್ಲಿ ಅದಕ್ಕೆ ಖಾಸಗಿ ವಲಯವೆಂದು ಹೆಸರು: ಗುರುತಿಸಿದ ಭಾಗವನ್ನು ಯಂತ್ರವು ಕಪ್ಪಾಗಿಸಿಬಿಡುತ್ತದೆ, ಅಲ್ಲಿನದು ಕಾಣಿಸುವುದೂ ಇಲ್ಲ, ಉಳಿಯುವುದೂ ಇಲ್ಲ. ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ತನ್ನ ಅಂಗಳದ ಕ್ಯಾಮೆರಾದಲ್ಲಿ ನೆರೆಮನೆಯ ಬಾವಿಕಟ್ಟೆಯೋ ಬಚ್ಚಲಿನ ಬಾಗಿಲೋ ಬೀಳುತ್ತಿದ್ದರೆ, ಅಲ್ಲಿ ಆ ಕಪ್ಪು ಪರದೆಯನ್ನು ಎಳೆಯುವುದು ಅಧಿಕಾರಿಯೊಬ್ಬನು ಬಂದು ಹೇಳುವ ತನಕ ಕಾಯತಕ್ಕ ಕೆಲಸವಲ್ಲ.

ಜಗಲಿಯ ಮೇಲೆ ಮಲಗುತ್ತಿದ್ದ ಹಿರಿಯರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಬಳಿಯ ಸದ್ದು ನಾಯಿಯದೋ ಪರರದೋ ಎಂಬುದನ್ನು ಅವರು ಕಣ್ಣು ತೆರೆಯದೆಯೇ ಅರಿಯುತ್ತಿದ್ದರು. ನಸುಕಿನಲ್ಲಿ ನೆರೆಯ ಹೆಣ್ಣುಮಕ್ಕಳು ಬಾವಿಯ ಕಡೆಗೆ ನಡೆದುಬಂದರೆ ಗೋಡೆಯತ್ತ ಮಗ್ಗುಲು ಬದಲಿಸುತ್ತಿದ್ದರು. ಮಾಡಿನ ಕೆಳಗೆ ಹೊಸ ಕಾವಲುಗಾರನನ್ನು ನಿಲ್ಲಿಸುವ ನಾವು, ಮೊದಲನೆಯದನ್ನು ಕಲಿಸುವುದಕ್ಕೆ ವಹಿಸುವಷ್ಟೇ ಶ್ರದ್ಧೆಯನ್ನು ಎರಡನೆಯದಕ್ಕೂ ವಹಿಸೋಣ.