ಒಂದು ಪದಕ್ಕೆ ಒಂದೇ ಸರಿ ಉತ್ತರವಾ?

ರಾಜ್ಯೋತ್ಸವ ಹತ್ತಿರ ಬಂತು ಅಂದ್ರೆ ಕನ್ನಡ ಸಂಘಗಳಲ್ಲಿ ಎರಡು ಕೆಲಸ ಗ್ಯಾರಂಟಿ. ಒಂದು, ಪದಗಳ ಕ್ವಿಜ್ ನಡೆಸೋದು. ಇನ್ನೊಂದು, ಸಂಚಿಕೆಗೆ ಬಂದ ದೊಡ್ಡವರ ಶುಭಸಂದೇಶ ತಿದ್ದೋದು. ಎರಡೂ ಸುಲಭ ಅನ್ಸುತ್ತೆ. ಆದರೆ ಎರಡರಲ್ಲೂ ನಾವು ಎಡವೋದು ಒಂದೇ ಕಡೆ: ಒಂದು ಪದಕ್ಕೆ ಒಂದೇ ಅರ್ಥ, ಒಂದೇ ಸರಿ ರೂಪ ಅಂದ್ಕೊಳ್ಳೋದು.

ಮೊದಲು ಕ್ವಿಜ್. 'ಹಳ್ಳ' ಅಂದ್ರೇನು ಅಂತ ಕೇಳಿ. ಬೆಂಗಳೂರು, ಮೈಸೂರು ಕಡೆಯವರು ರಸ್ತೆಯ ಗುಂಡಿ ಅಂತಾರೆ. ಧಾರವಾಡ, ಗದಗ ಕಡೆಯವರು ನೀರು ಹರಿಯೋ ತೊರೆ ಅಂತಾರೆ. ಇಬ್ಬರೂ ಸರಿ. ಆದರೆ ಆನ್ಸರ್ ಕೀಯಲ್ಲಿ ಒಂದಕ್ಕೇ ಮಾರ್ಕ್ಸ್. ಇನ್ನೊಬ್ಬರಿಗೆ ಹೋಗೋದು ಬರೀ ಒಂದು ಅಂಕ ಅಲ್ಲ. ಮನೇಲಿ ಕಲಿತ ಕನ್ನಡವೇ ತಪ್ಪು ಅಂತ ಎಲ್ಲರ ಮುಂದೆ ಹೇಳಿಸ್ಕೊಂಡ ಹಾಗೆ. ಮುಂದಿನ ಕಾರ್ಯಕ್ರಮಕ್ಕೆ ಅವರು ಯಾಕೆ ಬರ್ತಾರೆ?

ನಿಘಂಟುಗಳು ಹೀಗೆ ಮಾಡಲ್ಲ. 1894ರ ಕಿಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ತೆರೆದು ನೋಡಿ. ಒಂದೊಂದು ಪದದ ಕೆಳಗೆ ಹಲವು ಅರ್ಥ, ಜೊತೆಗೆ ಪ್ರಯೋಗ. ನಾವೂ ಹಾಗೇ ಮಾಡಬಹುದು. 'ಮಳೆಗೆ ಹಳ್ಳ ತುಂಬಿ ಹರಿದು ದಾಟೋಕಾಗಲಿಲ್ಲ' ಅಂತ ಪೂರ್ತಿ ವಾಕ್ಯ ಕೊಟ್ಟು ಅರ್ಥ ಕೇಳಿದ್ರೆ ಜಗಳವೇ ಇಲ್ಲ. ಇನ್ನೊಂದು ಲಾಭನೂ ಇದೆ. ನನ್ನಂಥ ಇಂಗ್ಲಿಷ್ ಮೀಡಿಯಂನವರು ಅರ್ಥ ಬಾಯಿಪಾಠ ಮಾಡಿ ಇಪ್ಪತ್ತಕ್ಕೆ ಹದಿನೆಂಟು ತಗೋಬಹುದು. ಅದೇ ಪದ ಬಳಸಿ ಒಂದು ವಾಕ್ಯ ಬರೀರಿ ಅಂದ್ರೆ ತಡವರಿಸ್ತೀವಿ. ವಾಕ್ಯ ಕೇಳಿದ್ರೆ ನಿಜವಾದ ಕಲಿಕೆ ಗೊತ್ತಾಗುತ್ತೆ.

ಈಗ ತಿದ್ದೋ ಕೆಲಸ. ಅತಿಥಿಗಳು 'ಸಮ್ಮಾನ' ಅಂತ ಬರೆದಿದ್ದಾರೆ, ನಾವು 'ಸನ್ಮಾನ' ಅಂತ ತಿದ್ದುತ್ತೀವಿ. ಆದರೆ ಸಂ ಜೊತೆ ಮಾನ ಸೇರಿದ್ರೆ ಸಮ್ಮಾನ, ಸತ್ ಜೊತೆ ಸೇರಿದ್ರೆ ಸನ್ಮಾನ. ಎರಡೂ ಪದ ಇವೆ. 'ಅಡಿಗೆ', 'ಅಡುಗೆ' ಕೂಡ ಹಾಗೇ. ಕೆಳಗಿರೋದು ಅವರ ಹೆಸರು. ಓದುಗರು ಪ್ರತಿ ಅಕ್ಷರವನ್ನೂ ಅವರದ್ದೇ ಅಂದ್ಕೊಳ್ತಾರೆ.

ಹಾಗಂತ ಭಯಪಟ್ಟು 'ವಿಧ್ಯಾರ್ಥಿ' ಅಂತ ಇದ್ರೂ ಹಾಗೇ ಪ್ರಿಂಟ್ ಮಾಡಿದ್ರೆ ನಗೆಪಾಟಲಾಗೋದೂ ಅವರೇ. ಅದಕ್ಕೆ ಮೂರು ಭಾಗ ಮಾಡ್ಕೊಳ್ಳಿ. ನಿಘಂಟಿನಲ್ಲಿ ಇಲ್ಲವೇ ಇಲ್ಲದ ಅಕ್ಷರದೋಷವನ್ನ ಸುಮ್ಮನೆ ಸರಿಮಾಡಿ. ಅರ್ಥ, ಇಸವಿ, ಹೆಸರಿನಲ್ಲಿ ಅನುಮಾನ ಬಂದ್ರೆ 'ಸರ್, ಇದು ಹೀಗೇ ಇರಲಾ?' ಅಂತ ಕೇಳಿ. ನಿಮಗೆ ಬರೀ ಇಷ್ಟ ಆಗದ ಪದ ಆದ್ರೆ ಮುಟ್ಟಬೇಡಿ.

ಕೊನೆಗೆ ಒಂದು ಮಾತು. ಬೇಂದ್ರೆ ಧಾರವಾಡದ ಆಡುಮಾತಲ್ಲಿ ಕವಿತೆ ಬರೆದ್ರು. ದೇವನೂರ ಮಹಾದೇವರ 'ಕುಸುಮಬಾಲೆ' ಆಡುಮಾತಲ್ಲೇ ಇದೆ, ಅದಕ್ಕೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೊಡ್ಡವರು ಬರೆದ್ರೆ ಅದು ಶೈಲಿ, ಪಕ್ಕದ ಹಾಸ್ಟೆಲ್ ರೂಮಿನ ಜೂನಿಯರ್ ಬರೆದ್ರೆ ತಪ್ಪಾ? ಕೆಂಪು ಪೆನ್ ಹಿಡಿಯೋ ಮುಂಚೆ ಇಬ್ಬರಿಗೂ ಒಂದೇ ಪ್ರಶ್ನೆ ಕೇಳೋಣ: 'ಇದು ನಿಮ್ಮ ಕಡೆ ಹೀಗೇ ಹೇಳ್ತಾರಾ?'